ಬ್ರೇಕ್ ಇಲ್ಲದ ದೋಣಿ

ಅಪ್ಪನಿಗೆ ನಮಸ್ಕಾರ.

ಶನಿವಾರ ಡಿಪೋದ ಗೆಳತಿಯರ ಜೊತೆ ನದಿಗೆ ಹೋಗಿದ್ದೆ. ದೋಣಿಯಲ್ಲಿದ್ದ ನಾಲ್ವರೂ ಬಸ್ ಡ್ರೈವರುಗಳೇ. ಬಂಡೆ ಕಂಡಾಗಲೆಲ್ಲ ಹುಟ್ಟು ಹಾಕೋದು ಬಿಟ್ಟು ಎಲ್ಲರ ಬಲಗಾಲೂ ದೋಣಿಯ ತಳ ಒತ್ತುತ್ತಿತ್ತು. ನಕ್ಕು ನಕ್ಕು ಸುಸ್ತಾಯ್ತು.

ದಡದಲ್ಲೇ ಟೆಂಟ್ ಹಾಕಿ ಮಲಗಿ, ಬೆಳಗ್ಗೆ ಮತ್ತೆ ಹೊರಟ್ವಿ. ಮಂಜಿನೊಳಗಿಂದ ಒಂದು ಗಂಡು ಜಿಂಕೆ ಈಜುತ್ತಾ ಎದುರಿಗೇ ಬಂತು. ಮತ್ತೆ ನಮ್ಮ ಕಾಲುಗಳು ಬ್ರೇಕ್ ಹುಡುಕಿದವು. ದೋಣಿ ನಿಲ್ಲಲಿಲ್ಲ. ನದಿ ಅದನ್ನು ಮೆಲ್ಲಗೆ ಜಿಂಕೆಯ ಪಕ್ಕಕ್ಕೇ ಒಯ್ದುಬಿಡ್ತು. ಕೊಂಬಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಅದರ ಬಿಸಿಯುಸಿರು ನನ್ನ ಮೊಣಕೈಗೆ ತಾಕಿತು ಅಪ್ಪ. ಒಂದು ಸಲ ನನ್ನ ನೋಡಿ, ತನ್ನ ಪಾಡಿಗೆ ದಡ ಹತ್ತಿತು.

ಮುಂದಿನ ಶನಿವಾರ ನೀವೂ ಬನ್ನಿ. ಮಂಡಿನೋವಿನ ನೆಪ ಬೇಡ, ದಿಂಬು ತರ್ತೀನಿ. ಕಣ್ಣು ಮಂಜಾಯ್ತು ಅಂತ ಬಸ್ ಓಡಿಸೋದು ಬಿಟ್ಟ ದಿನದಿಂದ ನೀವು ಹೊಸಿಲು ದಾಟಿಲ್ಲ. ಜಿಂಕೆ ಮತ್ತೆ ಬಂದರೆ, ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಅದರ ಉಸಿರು ಕೇಳಿಸುತ್ತೆ. ಕುರ್ಚಿಯಲ್ಲಿ ಕೂತೇ ನಿಮ್ಮ ಬಲಗಾಲು ನೆಲ ಒತ್ತೋದನ್ನ ನೋಡಿದ್ದೀನಿ. ನಾನು ಬಂದ ತಕ್ಷಣ ಕಾಲು ಹಿಂದಕ್ಕೆಳೆದುಕೊಳ್ತೀರಿ. ದೋಣಿಯಲ್ಲಿ ಧಾರಾಳವಾಗಿ ಒತ್ತಿ. ಅಲ್ಲಿ ನಾವೆಲ್ಲ ಹಾಗೇ.

ನಿಮ್ಮ ಮಗಳು