ಆಯ್ಕೆ ಇಲ್ಲ, ಬಂದದ್ದೆಲ್ಲ ತೂಗುತ್ತದೆ

ಸವೋನಾ
ಗುರುವಾರ, ೧೪ ಮೇ ೨೦೧೫

ಪ್ರೀತಿಯ ಡೆಲ್ಫಿನಾ ಅವರಿಗೆ,

ನಿನ್ನೆ ನಿಮ್ಮ ಗುಂಡಿ-ದಾರದ ಅಂಗಡಿಯ ತನಕ ಬಂದು ಹಾಗೇ ತಿರುಗಿ ಹೋದೆ. ಒಳಗೆ ಬರಲು ಕಾಲೇಳಲಿಲ್ಲ. ಇಷ್ಟು ವರ್ಷ ಲೋಕದ ಮೂಲೆಮೂಲೆಗೆ ಲಕೋಟೆ ಕಳಿಸಿದವನು ಪಕ್ಕದ ಬೀದಿಗೊಂದು ಕಾಗದ ಬರೆಯಲು ನಾಲ್ಕು ಹಾಳೆ ಹರಿದು ಹಾಕಿದೆ.

ನಿಮ್ಮ ಲಕೋಟೆ ಅಂಚೆಯಲ್ಲಿ ಕಳೆದುಹೋಗಿಲ್ಲ. ನಮ್ಮ ಬೀದಿಗಳಿಗೆ ಅಂಚೆ ಹಂಚುವ ಲೊರೆದಾನಾ ಅದನ್ನು ನನ್ನ ಕೈಗೇ ತಂದುಕೊಟ್ಟಿದ್ದಳು.

ನಮ್ಮ ಅಂಚೆಕಲೆಯವರ ಗೋಳು ನಿಮಗೆ ಗೊತ್ತು, ನಾನೇ ನಿಮ್ಮ ಗಲ್ಲಾದ ಮುಂದೆ ನಿಂತು ತೋಡಿಕೊಂಡಿದ್ದೆ. ಲಕೋಟೆಯ ಮೇಲೇ ಚಿತ್ರ ಬರೆದು, ಮುದ್ರೆ ಒತ್ತಿ ದೂರದ ಗೆಳೆಯರಿಗೆ ಕಳಿಸಿದ ಲಕೋಟೆಗಳು 'ವಿಳಾಸದಾರರು ತೀರಿಕೊಂಡಿದ್ದಾರೆ' ಎಂದು ವಾಪಸು ಬರುತ್ತಿವೆ. ಗ್ರಂಥಾಲಯದ ಪ್ರದರ್ಶನಕ್ಕೆ ಹೊಸಬರು ಬೇಕೆಂದು ಬ್ರೆಡ್ಡಿನಂಗಡಿ, ಕ್ಷೌರದಂಗಡಿ, ನಿಮ್ಮ ಗಾಜಿನ ಬಾಗಿಲು, ಎಲ್ಲ ಕಡೆ ಚೀಟಿ ಅಂಟಿಸಿದೆ: 'ಯಾರು ಬೇಕಾದರೂ ಕಳಿಸಿ. ಶುಲ್ಕವಿಲ್ಲ, ಆಯ್ಕೆ ಇಲ್ಲ, ಬಂದದ್ದೆಲ್ಲ ತೂಗುತ್ತದೆ.' ನೀವು ಓದಿ, "ಅಯ್ಯೋ, ನಂಗೆ ಒಂದು ಗೆರೆ ಎಳೆಯೋಕೂ ಬರಲ್ಲ ಕಣ್ರೀ, ಗುಂಡಿ ಹೊಲಿಯೋಕೆ ಬರುತ್ತೆ ಅಷ್ಟೆ" ಅಂದಿರಿ. ಹಾಗಾದರೆ ಗುಂಡಿಯನ್ನೇ ಹೊಲಿದು ಕಳಿಸಿ ಎಂದು ಹುರಿದುಂಬಿಸಿದವನು ನಾನೇ. ಊರಿಗೆಲ್ಲ ಚೀಟಿ ಅಂಟಿಸಿದ್ದಕ್ಕೆ ಬಂದ ಹೊಸಬರು ನೀವೊಬ್ಬರೇ.

ನಿಮ್ಮ ಲಕೋಟೆಯ ಮೇಲೆ ಗುಂಡಿಯ ಕಣ್ಣಿನ ಎರಡು ಬೆಕ್ಕು, ಸುತ್ತ ಗುಲಾಬಿ ಲೇಸು, ಮೇಲೆ ಮಿನುಗುಪುಡಿ. ಅದು ಬಂದಾಗ ಗ್ರಂಥಾಲಯದ ಹಜಾರದಲ್ಲಿ ನನ್ನ ಹಳೆಯ ಗೆಳೆಯ ಎರ್ಕೊಲೆ ಲಕೋಟೆ ತೂಗುಹಾಕಲು ದಾರ ಕಟ್ಟುತ್ತಿದ್ದ. ಅವನ ನಾಲಿಗೆ ನಿಮಗೆ ಗೊತ್ತಿಲ್ಲ. ಅವನು ಈ ಕಡೆ ತಿರುಗುವುದರೊಳಗೆ ನಿಮ್ಮದನ್ನು ಕೋಟಿನೊಳಗೆ ತುರುಕಿಕೊಂಡೆ. ಮಕ್ಕಳ ಹುಟ್ಟುಹಬ್ಬದ ಕಾರ್ಡಿನಂತಿದೆ, ಬೇರೆ ದೇಶದವರು ನೋಡಿದರೆ ಏನಂದಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಯ್ಕೆ ಇಲ್ಲವೆಂದು ಊರಿಗೆಲ್ಲ ಸಾರಿದವನು ಕದ್ದು ಆಯ್ಕೆ ಮಾಡಿದ್ದೆ.

ಕಳೆದ ಶನಿವಾರ ಪ್ರದರ್ಶನಕ್ಕೆ ನೀವು ಹಸಿರು ಉಡುಪು ತೊಟ್ಟು, ಅಕ್ಕನನ್ನೂ ಕರೆದುಕೊಂಡು, ಕಡಲೆಹಿಟ್ಟಿನ ಬಿಸಿ ಫರಿನಾತಾ ಪೊಟ್ಟಣ ಹಿಡಿದು ಬಂದಿರಿ. ಸಾಲು ಸಾಲು ಹುಡುಕಿ, "ಎಲ್ರೀ ನಂದು?" ಎಂದು ಕೇಳಿದಿರಿ. "ಅಂಚೇಲಿ ಎಲ್ಲೋ ಹೋಗಿರ್ಬೇಕು, ಈಗಿನ ಅಂಚೆಯವರ ಹಣೆಬರಹ ಇಷ್ಟೇ" ಎಂದುಬಿಟ್ಟೆ. ಬಾಯಲ್ಲಿ ನಿಮ್ಮ ಫರಿನಾತಾ ಇತ್ತು. ನೀವು ನಂಬಿದಿರಿ, ಸೋಮವಾರ ಲೊರೆದಾನಾ ಮೇಲೆ ಬೀದಿಯಲ್ಲೇ ರೇಗಿದಿರಿ. ನಿನ್ನೆ ಅವಳು ನನಗೆ ಅಂಚೆ ಕೊಡುತ್ತ, "ಯಜಮಾನ್ರೇ, ಬೆಕ್ಕಿನ ಲಕೋಟೆ ನಿಮ್ ಕೈಗೇ ಕೊಟ್ಟಿದ್ನಲ್ಲ. ಆಯಮ್ಮಂಗೆ ನಾನ್ ಹೇಳ್ಲೋ, ನೀವೇ ಹೇಳ್ತೀರೋ?" ಅಂದಳು. ನಾಚಿಕೆಯಿಂದ ಸತ್ತೇ ಹೋದೆ. ನಮ್ಮ ಕಸದಂಥ ಲಕೋಟೆಗಳನ್ನೂ ಮಳೆಯಲ್ಲಿ ನೆನೆಯದಂತೆ ತಂದುಕೊಡುವವಳು ಅವಳು. ಅವಳಲ್ಲಿ ಕ್ಷಮೆ ಕೇಳಿದ್ದೇನೆ.

ನಿಮ್ಮ ಬಾಗಿಲಿನ ಚೀಟಿ ಕಿತ್ತಿದ್ದೀರಿ. ಇನ್ನೊಂದು ಲಕೋಟೆ ಕಳಿಸಿ ಎಂದು ಕೇಳಲು ನನಗೆ ಮುಖವಿಲ್ಲ, ಆದರೂ ಕೇಳುತ್ತಿದ್ದೇನೆ. ಬಂದ ಒಬ್ಬರೇ ಹೊಸಬರನ್ನು ನಾನೇ ಓಡಿಸಿದೆ ಎಂಬುದನ್ನು ಹೊತ್ತುಕೊಂಡು ಇರಲಾರೆ.

ತಲೆ ತಗ್ಗಿಸಿ,
ಎವಾರಿಸ್ತೊ

ಇನ್ನೊಂದು ಮಾತು: ಮೇಲೆ ಬರೆದದ್ದರಲ್ಲೂ ಒಂದು ಸುಳ್ಳು ಉಳಿದಿದೆ. ಮಕ್ಕಳ ಕಾರ್ಡು, ಬೇರೆ ದೇಶದವರು, ಅದೆಲ್ಲ ನೆಪ. ಒಂದು ಬೆಕ್ಕಿನ ಕೊರಳಲ್ಲಿ ನನ್ನ ಕೆಂಪು ಮಫ್ಲರ್ ಇತ್ತು, ಮೂಗಿನ ಮೇಲೆ ನನ್ನ ಸೊಟ್ಟ ಕನ್ನಡಕ. ಇನ್ನೊಂದಕ್ಕೆ ನಿಮ್ಮ ಹಸಿರು ಉಡುಪು. ನೋಡಿದೊಡನೆ ಗುರುತಾಯಿತು. ಈ ವಯಸ್ಸಿನಲ್ಲಿ ಅಷ್ಟು ಸಂತೋಷವಾದದ್ದು ಎರ್ಕೊಲೆಗೆ ಕಂಡುಬಿಟ್ಟರೆ ಎಂದು ಹೆದರಿದೆ. ಇವತ್ತು ಬೆಳಿಗ್ಗೆ ಅದನ್ನು ಹಜಾರದ ಬಾಗಿಲ ಎದುರಿನ ದಾರಕ್ಕೆ ಹಾಕಿದೆ. ಎರ್ಕೊಲೆ ನೋಡಿ, "ಏನಪ್ಪಾ ಮದುಮಗ!" ಎಂದು ಎಲ್ಲರೆದುರು ಕೂಗಿದ. ಕೂಗಲಿ. ಪ್ರದರ್ಶನ ಮುಗಿಯುವ ಭಾನುವಾರ ಸಂಜೆಯ ತನಕ ಅದು ಅಲ್ಲಿರುತ್ತದೆ, ನಾನೂ ಇರುತ್ತೇನೆ.