ಪರ್ಡಿ ಅಜ್ಜಿಯ ತಟ್ಟೆ

ಮಾರ್ಚ್ 3
ಐದಕ್ಕೇ ಎಚ್ಚರ. ಹದಿನಾರು ವರ್ಷ ವೃದ್ಧಾಶ್ರಮದ ಡ್ಯೂಟಿ ಮಾಡಿದ ಮೈ. ಈಗ ಗ್ರಿಮ್ಸ್‌ಬಿಯ ಮೀನು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್. ಮುದುಕರನ್ನು, ಮಕ್ಕಳನ್ನು ನೋಡಿಕೊಳ್ಳುವ ಕೆಲಸ ನನಗೆ ನಿಷಿದ್ಧ. ನಿಷೇಧಿತರ ಸರ್ಕಾರಿ ಪಟ್ಟಿಯಲ್ಲಿ ಹೆಸರಿದೆ. ಮಾಡಿದರೆ ಜೈಲು. ಮೇಲ್ಮನವಿಯ ವಿಚಾರಣೆ ಏಪ್ರಿಲ್ 9ಕ್ಕಂತೆ. ಕಾಗದ ಬಂದಿದೆ.

ಮಾರ್ಚ್ 5
ವಕೀಲ ಫೆರಿಸ್ ಫೋನ್. ಆಶ್ರಮದ ಮುದುಕ ವಿಲ್ಫ್ ಗಾರ್ಬಟ್‌ಗೆ ನುಂಗಲು ಕಷ್ಟ, ನುಣ್ಣಗೆ ಅರೆದದ್ದು ಬಿಟ್ಟು ಬೇರೇನೂ ಕೊಡುವಂತಿರಲಿಲ್ಲ. ಪಕ್ಕದ ಪರ್ಡಿ ಅಜ್ಜಿಯ ತಟ್ಟೆಯಿಂದ ಟೋಸ್ಟ್ ಎತ್ತಿಕೊಂಡರು, ಗಂಟಲಿಗೆ ಸಿಕ್ಕಿತು, ನೀವು ನೋಡಲಿಲ್ಲ — ಇಷ್ಟೇ ತಾನೇ ಎಂದರು.
ಹೌದು ಎಂದೆ.

ಮಾರ್ಚ್ 6, ಮಧ್ಯಾಹ್ನ
ಇಲ್ಲಾದರೂ ನಿಜ ಬರೆಯಬೇಕು. ಟೋಸ್ಟ್ ಕೊಟ್ಟದ್ದು ನಾನು. ಬೆಣ್ಣೆ ಸವರಿ, ಕೈಗೇ ಕೊಟ್ಟೆ. "ನಾನೇನು ಹಸುಗೂಸಾ, ನೋರೀನ್?" ಅಂತ ಅರೆದ ಊಟ ನೋಡಿ ವಿಲ್ಫ್ ಅತ್ತಿದ್ದರು. ಮುಖ ನೀಲಿಗಟ್ಟಿತು... ಹನ್ನೊಂದು ದಿನ ಆಸ್ಪತ್ರೆ. ಬದುಕಿದರು. ಹೇಳಿಕೆ ಕೇಳಿದಾಗ ಹೆದರಿ ಬಾಯಿಗೆ ಬಂದದ್ದು ಅಜ್ಜಿಯ ತಟ್ಟೆ.

ಮಾರ್ಚ್ 27
ಬಸ್ ಸ್ಟಾಪಿನಲ್ಲಿ ವಿಲ್ಫ್ ಮಗಳು ಜಾನಿಸ್. ಓಡಿಬಿಡೋಣ ಅನ್ನಿಸಿತು. ಅವಳೇ ಹತ್ತಿರ ಬಂದಳು. ಅಪ್ಪ ಜನವರಿಯಲ್ಲಿ ಹೋದರಂತೆ, ನಿದ್ದೆಯಲ್ಲೇ. ನನ್ನ ಮೇಲೆ ಕೋಪವಿಲ್ಲವಂತೆ.
"ಆ ಪರ್ಡಿ ಅಜ್ಜೀದೇ ಪಾಪ. ಅವತ್ತಿಂದ, ಯಾರೂ ಅವ್ರ ತಟ್ಟೆಗೆ ಕೈ ಹಾಕ್ಬಾರ್ದು ಅಂತ, ರೂಮಲ್ಲೇ ಒಬ್ರನ್ನೇ ಊಟಕ್ಕೆ ಕೂರಿಸ್ತಾರೆ. ಈಗ್ಲೂ ನೋಡೋಕೆ ಹೋದಾಗೆಲ್ಲ, ನಾನೇನ್ ತಪ್ಪು ಮಾಡ್ದೆ ಅಂತ ಕೇಳ್ತಿರ್ತಾರೆ."
ಎರಡು ವರ್ಷ. ಒಬ್ಬರೇ.

ಮಾರ್ಚ್ 28
ಫೆರಿಸ್‌ಗೆ ಹೇಳಿಬಿಟ್ಟೆ. "ನಿಜ ಹೇಳಿದ್ರೆ ಸೋಲ್ತೀವಿ, ನೋರೀನ್. ಗೊತ್ತಿದ್ದೂ ಸುಳ್ಳು ಹೇಳಿಸೋದು ನನ್ನ ಕೈಲಾಗಲ್ಲ."

ಏಪ್ರಿಲ್ 9
ವಿಚಾರಣೆ. ಮೇಜಿನಾಚೆ ಮೂವರು. ಹೇಳಿದೆ, ಬೆಣ್ಣೆ ಸವರಿದ್ದೂ ಸೇರಿಸಿ. ನಡುವೆ ಕೂತಾಕೆ ಪೆನ್ನು ಕೆಳಗಿಟ್ಟು ಕೇಳಿದರು: "ಇಷ್ಟು ದಿನ ಯಾಕೆ ಹೇಳಲಿಲ್ಲ?"
"ಭಯ ಆಯ್ತು."
"ಈಗ?"
"ಈಗ್ಲೂ ಆಗ್ತಿದೆ."

ಮೇ 14
ಮೇಲ್ಮನವಿ ವಜಾ. ಹೆಸರು ಪಟ್ಟಿಯಲ್ಲೇ ಇರುತ್ತದೆ. ನಿಷೇಧವಾಗಿ ಹತ್ತು ವರ್ಷ ತುಂಬಿದ ಮೇಲೆ ಮತ್ತೆ ಕೇಳಬಹುದಂತೆ. ಅಷ್ಟರಲ್ಲಿ ನನಗೆ ಅರವತ್ತೊಂದು.
ಅಡುಗೆಮನೆ ನೆಲದ ಮೇಲೇ ಕೂತುಬಿಟ್ಟೆ.

ಮೇ 19
ಜಾನಿಸ್ ಮೆಸೇಜು. ನಿಜ ಗೊತ್ತಾಯಿತಂತೆ, ನನ್ನ ಜೊತೆ ಇನ್ನು ಮಾತಿಲ್ಲವಂತೆ. ಕೊನೆಯಲ್ಲಿ ಒಂದೇ ಸಾಲು — ಪರ್ಡಿ ಅಜ್ಜಿಯನ್ನು ಮತ್ತೆ ಎಲ್ಲರ ಜೊತೆ ಕೂರಿಸಿದ್ದಾರೆ.
ಹೋಗಿ ಕ್ಷಮೆ ಕೇಳಬೇಕು. ಒಳಗೆ ಬಿಡುತ್ತಾರೆಯೇ? ಬಿಟ್ಟರೂ... ಕುರ್ಚಿ ಸರಿಸಿಕೊಟ್ಟರೆ, ಚಹಾದ ಕಪ್ಪು ಕೈಗೆ ಕೊಟ್ಟರೆ, ಅದೂ ನನಗೆ ನಿಷಿದ್ಧವಾದ ಕೆಲಸ ಅನ್ನಿಸಿಕೊಂಡು —