ಹೂಂಗುಟ್ಟುವವಳು

ಜೂನ್ 18, ಸಂಜೆ

ಕಂಬಳಿ ನೇಯುವವನ ಕಥೆಯನ್ನು ಮೊದಲು ಹೇಳಿದವಳು ನಮ್ಮಜ್ಜಿ ಯಂಕವ್ವ. ಕುಷ್ಟಗಿ ಕಡೆಯ ನಮ್ಮೂರಲ್ಲಿ, ಶೇಂಗಾ ಸುಲಿಯುವ ಕಾಲದಲ್ಲಿ. ನಾನು, ತಂಗಿ ಅನ್ನಪೂರ್ಣ ಎದುರು ಕೂತು ಕೇಳಿದ್ದು. ಇಬ್ಬರಿಗೂ ಬಾಯಿಪಾಠ. ಆದರೂ ಕೂಲಿಗೆ ಬಂದು ಬಾಡಿಗೆಗಿರುವ ಕಾಪುವಿನ ಈ ಲೈನ್ ಮನೆಯ ಜಗಲಿಯಲ್ಲಿ ಅದನ್ನೇ ಎಷ್ಟು ಸಲ ಹೇಳಿದ್ದೇನೋ. ನಾನು ಹೇಳುವುದು, ಅವಳು ಹೂಂಗುಟ್ಟುವುದು. ಹೂಂ ನಿಂತರೆ ಕಥೆಯೂ ನಿಲ್ಲಬೇಕು — ಅಜ್ಜಿಯ ಕಟ್ಟಳೆ.

ಈಗ ಹೇಳುವುದಿಲ್ಲ. ಅವಳ ಗಂಡ ಯಮನೂರ ಕಾರ್ಕಳದ ಸೈಟಿನಲ್ಲಿ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ತೀರಿಕೊಂಡ ಮೇಲೆ ಅವಳು ಮಾತೇ ಆಡಿಲ್ಲ. ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ. ಅವನ ನೀಲಿ ಅಂಗಿ ಮೊಳೆಯಲ್ಲೇ ಇದೆ. ತೆಗೆಯಲು ಹೋದರೆ ಕೈ ಹಿಡಿಯುತ್ತಾಳೆ.

ಇಂದು ಸಿಮೆಂಟ್ ಹೊತ್ತು ಹೊತ್ತು... ಸಾಕು.

ಜೂನ್ 21

ಮಳೆ. ಅರ್ಧ ದಿನ ಕೆಲಸ. ಮನೆಯ ಯಜಮಾನಿ ಝೀಟಾಬಾಯಿ ಗಂಜಿ ತಂದರು. ಅನ್ನಪೂರ್ಣ ಎರಡು ಗುಟುಕು ಕುಡಿದಳು, ಅಷ್ಟೇ.

"ಎಂತ ಶಶಿಕಲಾ, ಈಗ ಕಥೆ ಇಲ್ಲವಾ?"

"ಹೇಳಿ ಏನ್ ಸಿಗ್ತೈತ್ರಿ ಬಾಯಿ?"

"ಎಂತ ಸಿಗ್ಲಿಕ್ಕುಂಟು? ನಾನು ಆದಿತ್ಯವಾರ ಇಗರ್ಜಿಯಲ್ಲಿ ಹಾಡ್ತೇನೆ. ನನ್ನದು ಕಾಗೆ ಸ್ವರ. ಹಾಡುವುದು ಬೇಡ ಅಂತ ಫಾದರ್ ಸಹ ಹೇಳಿ ಆಯ್ತು. ಆದ್ರೂ ಹಾಡ್ತೇನೆ."

"ಯಾಕ್ರಿ?"

"ಬರೇ ನಿಂತ್ರೆ ಕಾಲು ನೋಯ್ತದೆ ಮಾರಾಯ್ತಿ."

ನಕ್ಕುಬಿಟ್ಟೆ. ತಕ್ಷಣ ತಂಗಿಯ ಬೆನ್ನು ನೋಡಿದೆ. ಕದಲಲಿಲ್ಲ.

ಜೂನ್ 22

ಪಕ್ಕದ ಕೋಣೆಯ ಹನುಮಪ್ಪನಿಗೆ ನಾನೆಂದರೆ ತಮಾಷೆ. "ಮೊಬೈಲ್‌ನ್ಯಾಗ ಬೇಕಾದಷ್ಟು ಕಥಿ ಅದಾವ. ನೀ ಯಾಕವಾ ಗಂಟಲ ಹರಕೋತಿದ್ದಿ?"

ಅವನ ಮಾತೂ ಸರಿಯೇ. ಕಥೆಯಿಂದ ಹೊಟ್ಟೆ ತುಂಬುವುದಿಲ್ಲ. ಸತ್ತವರು ಏಳುವುದಿಲ್ಲ. ಅದೂ ಆ ಕಥೆ — ಅದರಲ್ಲಿ ಕಂಬಳಿಯವನು ಹೊಳೆ ಪಾಲಾಗುತ್ತಾನೆ. ಅವಳ ಕಿವಿಗೆ ಬೀಳುವಂತೆ ಹೇಗೆ ಹೇಳಲಿ?

ಬದುಕಿಸಿಬಿಟ್ಟರೆ? ನನ್ನ ಬಾಯಲ್ಲಿರುವ ಕಥೆ. ಯಾರಪ್ಪನ ಗಂಟು ಹೋಗುತ್ತದೆ...

ಜೂನ್ 30, ದೀಪ ಹಚ್ಚಿದ ಮೇಲೆ

ಹೇಳಿದೆ. ಕರೆಂಟಿರಲಿಲ್ಲ. ಜಗಲಿಯಲ್ಲಿ ಹನುಮಪ್ಪ, ಝೀಟಾಬಾಯಿ. ಅನ್ನಪೂರ್ಣ ಒಳಗೆ. ಬಾಗಿಲು ತೆರೆದಿತ್ತು.

ಹೊಳೆಯಾಚೆಯ ಮುದುಕಿಗೆ ಚಳಿ. ಕಂಬಳಿಯವನು ನೇಯ್ದ. ಒಂದು ಅಂಚು ಹೊಲಿಯುವುದು ಬಾಕಿ. ಅಲ್ಲೇ ಕೂತು ಹೊಲಿದುಕೊಟ್ಟರಾಯಿತೆಂದು ಹೊರಟ. ಹನುಮಪ್ಪ ಆಕಳಿಸುತ್ತ ಹೂಂಗುಟ್ಟಿದ, ತಪ್ಪು ತಪ್ಪು ಜಾಗದಲ್ಲಿ. ಝೀಟಾಬಾಯಿಯದು ಹೂಂ ಅಲ್ಲ, "ಎಂತಕ್ಕೆ?"

"ಹೊಳೆಗೆ ನೆರೆ ಬಂತು."

"ಹೂಂ." ಒಳಗಿನಿಂದ. ಸಣ್ಣಗೆ.

ತಂಗಿಯದು. ನಿಲ್ಲಿಸಲಿಲ್ಲ.

"ನಡುನೀರಲ್ಲಿ ಕಾಲು ಜಾರಿತು."

"ಹೂಂ."

"ಒಂದು ದಿಮ್ಮಿ ತೇಲಿಬಂತು. ಹಿಡಿದುಕೊಂಡ. ದಡ ಸೇರಿದ."

ಹೂಂ ಇಲ್ಲ.

"ಮನೆಗೆ ಬಂದ. ಹೆಂಡತಿ ರೊಟ್ಟಿ ಬಡಿದಳು..."

ಇಲ್ಲ.

"ಬದುಕಿದನಲ್ಲ, ಒಳ್ಳೇದಾಯ್ತು" ಎಂದರು ಝೀಟಾಬಾಯಿ.

ಅನ್ನಪೂರ್ಣ ಬಾಗಿಲಿಗೆ ಬಂದು ನಿಂತಳು. "ಸುಳ್ಳು ಹೇಳಬ್ಯಾಡಕ್ಕ. ಅವ ಸಾಯ್ತಾನ." ತುಕ್ಕು ಹಿಡಿದ ಗಂಟಲು. "ಅಜ್ಜಿ ಹೇಳಿದಂಗ ಹೇಳು."

ಹೇಳಿದೆ. ಕಂಬಳಿ ಮಾತ್ರ ದಡಕ್ಕೆ ಬಂತು. ಹೆಂಡತಿ ಹಿಂಡಿದಳು, ಒಣಗಿಸಿದಳು. ಉಳಿದ ಅಂಚನ್ನು ತಾನೇ ಹೊಲಿದಳು. ನೆರೆ ಇಳಿದ ಮೇಲೆ ಹೊಳೆ ದಾಟಿ ಮುದುಕಿಗೆ ಕೊಟ್ಟುಬಂದಳು. ಒಂದೊಂದು ಮಾತಿಗೂ ಹೂಂ. ಅಳುತ್ತ ಹೂಂ. ಒಂದನ್ನೂ ತಪ್ಪಿಸಲಿಲ್ಲ.

ಹನುಮಪ್ಪ ಆಕಳಿಸಲಿಲ್ಲ. ನನಗೆ ಮೈಯೆಲ್ಲ ಸುಸ್ತು. ಇಟ್ಟಿಗೆ ಹೊತ್ತಾಗಿನ ಸುಸ್ತಲ್ಲ.

ಜುಲೈ 1

ಬೆಳಿಗ್ಗೆ ಝೀಟಾಬಾಯಿ ಬಟ್ಟೆ ಒಗೆಯುತ್ತ ಹಾಡುತ್ತಿದ್ದರು. ನಿಜಕ್ಕೂ ಕಾಗೆ ಸ್ವರ. ಹನುಮಪ್ಪ ಪ್ರತಿ ಸಾಲಿಗೂ "ಹೂಂ" ಎಂದು ಬೈಸಿಕೊಂಡ.

ಅನ್ನಪೂರ್ಣ ಮೊಳೆಯಿಂದ ಅಂಗಿ ತೆಗೆದಳು. ಮೂಗಿಗೆ ಹಿಡಿದಳು. ಆಮೇಲೆ, ಸೈಟಿಗೆ ಹೋಗುವ ನಾವು ಹೆಂಗಸರೆಲ್ಲ ಹಾಕುವ ಹಾಗೆ, ಸೀರೆಯ ಮೇಲೆ ಹಾಕಿಕೊಂಡು ತೋಳು ಮಡಚಿದಳು. ಒಂದು ಗುಂಡಿ ಇರಲಿಲ್ಲ. ಪಿನ್ನು ಕೊಟ್ಟೆ.

ಕೆಲಸಕ್ಕೆ ಹೋಗುವ ಉಡುಪಿ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತಳು. ಕಟಪಾಡಿ ದಾಟಿದ ಮೇಲೆ —

"ಅಕ್ಕ, ಕಂಬಳಿ ಹೊದ್ದಾಗ ಆ ಮುದುಕಿ ಏನಂದ್ಲು? ಅಜ್ಜಿ ಅದನ್ನ ಹೇಳಲೇ ಇಲ್ಲ ನೋಡು."

ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ. ಬಂದದ್ದು ಬೇರೆ. "ಆ ಮುದುಕಿ..."

"ಹೂಂ" ಎಂದಳು.

ಮುಂದಿನದು ನನಗೂ ಗೊತ್ತಿರಲಿಲ್ಲ. ಆದರೂ ಹೇಳುತ್ತ ಹೋದೆ.